ಹ್ಯಾಸ್ಕೆಲ್ ಸರ್ವರ್‌ಗಳಿಗೆ ಧಾಲ್: ದೀರ್ಘ ಬಳಕೆಯ ನಂತರದ ಅಭಿಪ್ರಾಯ

ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಸರ್ವರ್‌ಗಳ ಕಾನ್ಫಿಗರೇಶನ್‌ಗೆ (ಸೆಟ್ಟಿಂಗ್‌ಗಳನ್ನು ಕಡತದಲ್ಲಿ ಬರೆದಿಡುವುದಕ್ಕೆ) ನಾನು ಕೆಲವು ವರ್ಷಗಳಿಂದ, ಅದಕ್ಕೆಂದೇ ಇರುವ ಧಾಲ್ ಭಾಷೆಯನ್ನೂ ಅದರ ಹ್ಯಾಸ್ಕೆಲ್ ಲೈಬ್ರರಿಯನ್ನೂ ಬಳಸುತ್ತಿದ್ದೇನೆ. ಪ್ರೋಗ್ರಾಂನಲ್ಲಿ ರೆಕಾರ್ಡ್ ಟೈಪ್ ಒಂದನ್ನು ಘೋಷಿಸಿ ಅದಕ್ಕೆ ಡೀಕೋಡರ್ (ಕಡತವನ್ನು ಓದಿ ಆ ಟೈಪ್‌ನ ಮೌಲ್ಯವಾಗಿಸುವ ಕೋಡ್) ತಾನಾಗಿ ಡಿರೈವ್ ಆಗುವಂತೆ ಮಾಡಿಕೊಂಡರೆ ಪಾರ್ಸರ್ ಬರೆಯುವ ಕೆಲಸವೇ ಉಳಿಯುವುದಿಲ್ಲ. ಕಡತದ ಟೈಪ್ ಹೊಂದದಿದ್ದರೆ ಓದುವ ಹಂತದಲ್ಲೇ ದೋಷ ತಿಳಿಯುತ್ತದೆ.

ಇದರ ವಿನ್ಯಾಸದಲ್ಲಿ ನನಗೆ ಹೆಚ್ಚು ಹಿಡಿಸಿದ್ದು, ಏನನ್ನು ಕೊಡಬಾರದು ಎಂಬುದನ್ನು ಮೊದಲೇ ತೀರ್ಮಾನಿಸಿರುವ ರೀತಿ. ಫಂಕ್ಷನ್, ಲೆಟ್, ಇಂಪೋರ್ಟ್ ಎಲ್ಲವೂ ಇವೆಯಾದರೂ ಸಾಮಾನ್ಯ ರಿಕರ್ಶನ್ (ಫಂಕ್ಷನ್ ತನ್ನನ್ನೇ ಮತ್ತೆ ಕರೆಯುವುದು) ಇಲ್ಲದಿರುವುದರಿಂದ, ಟೈಪ್ ಪರೀಕ್ಷೆ ದಾಟಿದ ಕಡತ ಅನಂತ ಲೂಪ್‌ಗೆ ಬೀಳುವುದು ಸಾಧ್ಯವೇ ಇಲ್ಲ. ಬೇರೆ ಕಡತವನ್ನು ಯುಆರ್‌ಎಲ್‌ನಿಂದ ಇಂಪೋರ್ಟ್ ಮಾಡುವಾಗ ಶಾ-256 ಹ್ಯಾಶ್ (ಒಳಗಿನದು ಬದಲಾಗಿದೆಯೇ ಎಂದು ಪತ್ತೆಹಚ್ಚುವ ಗುರುತು) ಸೇರಿಸಬಹುದು. ಆ ಹ್ಯಾಶ್ ಕಡತದ ಅಕ್ಷರಗಳ ಮೇಲೆ ಅಲ್ಲ, ಸರಳೀಕರಿಸಿದ ಅಭಿವ್ಯಕ್ತಿಯ ಮೇಲೆ ಲೆಕ್ಕವಾಗುತ್ತದೆ. ಹಾಗಾಗಿ ಕಾಮೆಂಟ್ ಸೇರಿಸಿದರೂ, ಒಳಗಿನ ವೇರಿಯಬಲ್‌ನ ಹೆಸರು ಬದಲಿಸಿದರೂ ಅದು ಹಾಗೆಯೇ ಉಳಿಯುತ್ತದೆ.

ಕಿರಿಕಿರಿಗಳೂ ಇವೆ. 8080 ಎಂದು ಬರೆದರೆ ಅದು ನ್ಯಾಚುರಲ್ (ಸೊನ್ನೆ ಅಥವಾ ಧನ ಪೂರ್ಣಾಂಕ). ಇಂಟಿಜರ್ (ಋಣಾತ್ಮಕವೂ ಆಗಬಹುದಾದ ಪೂರ್ಣಾಂಕ) ಬೇಕಿದ್ದರೆ +8080 ಎಂದೇ ಬರೆಯಬೇಕು. ಪೋರ್ಟ್ ಸಂಖ್ಯೆ ಋಣಾತ್ಮಕವಾಗದಂತೆ ಇದು ತಡೆಯುತ್ತದೆ ನಿಜ, ಆದರೆ ಭಾಷೆಗೆ ಹೊಸಬರಾದ ಸಹೋದ್ಯೋಗಿಗಳಿಗೆ ಪ್ರತಿ ಬಾರಿಯೂ ವಿವರಿಸಬೇಕಾಗುತ್ತದೆ. ಎರಡು ಟೆಕ್ಸ್ಟ್ ಮೌಲ್ಯಗಳು ಸಮವೇ ಎಂದು ಕೇಳುವ ಸೌಲಭ್ಯವನ್ನಂತೂ ಬೇಕೆಂದೇ ಕೊಟ್ಟಿಲ್ಲ. ಪರಿಸರದ ಹೆಸರು "ಪ್ರೊಡಕ್ಷನ್" ಆಗಿದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ ಎಂದು ಬರೆಯುವ ಬದಲು ಯೂನಿಯನ್ ಟೈಪ್ (ನಿಗದಿತ ಆಯ್ಕೆಗಳ ಪಟ್ಟಿ) ಮಾಡಿ, ಪ್ರತಿ ಆಯ್ಕೆಗೂ ಏನು ಮಾಡಬೇಕೆಂದು ಹೇಳುವ ಮರ್ಜ್ ಬಳಸಬೇಕು. ಇದು ವಿಪರೀತ ಶಿಸ್ತು ಎಂದು ಮೊದಲಿಗೆ ಅನಿಸಿತ್ತು. ಆದರೆ ಯೂನಿಯನ್‌ಗೆ ಸ್ಟೇಜಿಂಗ್ ಎಂಬ ಹೊಸ ಆಯ್ಕೆ ಸೇರಿಸಿದೊಡನೆ, ಅದನ್ನು ನಿಭಾಯಿಸದ ಪ್ರತಿಯೊಂದು ಮರ್ಜ್ ದೋಷ ತೋರಿಸಿದಾಗ ಆ ಶಿಸ್ತಿನ ಬೆಲೆ ತಿಳಿಯಿತು.

ಡಿಫಾಲ್ಟ್ ಮೌಲ್ಯಗಳ ವಿಷಯದಲ್ಲಿ ಮಾತ್ರ ಇಷ್ಟು ಧಾರಾಳವಾಗಿ ಹೊಗಳಲಾರೆ. ರೆಕಾರ್ಡ್‌ಗೆ ಒಂದು ಫೀಲ್ಡ್ ಸೇರಿಸಿದರೆ ಹಳೆಯ ಕಡತಗಳೆಲ್ಲ ಟೈಪ್ ಪರೀಕ್ಷೆಯಲ್ಲಿ ಸೋಲುತ್ತವೆ. ಟೈಪ್ ಮತ್ತು ಡಿಫಾಲ್ಟ್ ಎರಡನ್ನೂ ಒಟ್ಟಿಗೆ ಇಟ್ಟು ಬಿಟ್ಟ ಫೀಲ್ಡ್‌ಗಳನ್ನು ಡಿಫಾಲ್ಟ್‌ನಿಂದ ತುಂಬುವ ಎರಡು ಕೋಲನ್‌ಗಳ (::) ಆಪರೇಟರ್ ಬಳಸಿದರೆ ಸಮಸ್ಯೆ ತೀರುತ್ತದೆ. ಈ ರೂಢಿಯನ್ನು ಮೊದಲ ದಿನದಿಂದಲೇ ಪಾಲಿಸುವುದು ಒಳ್ಳೆಯದು. ಲೈಬ್ರರಿ ತನ್ನೊಂದಿಗೆ ಎಳೆದು ತರುವ ಡಿಪೆಂಡೆನ್ಸಿಗಳ (ಅದು ಅವಲಂಬಿಸುವ ಬೇರೆ ಲೈಬ್ರರಿಗಳ) ಪಟ್ಟಿಯೂ ಉದ್ದವಾಗಿರುವುದರಿಂದ ಮೊದಲ ಬಿಲ್ಡ್ ತಡವಾಗುತ್ತದೆ. ಪೋರ್ಟ್ ಮತ್ತು ಲಾಗ್ ಮಟ್ಟ ಬಿಟ್ಟು ಬೇರೇನೂ ಬೇಡದ ಸಣ್ಣ ಪ್ರೋಗ್ರಾಂಗೆ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳೇ ಸಾಕು, ಅಂಥಲ್ಲಿ ನಾನೂ ಧಾಲ್ ಬಳಸುವುದಿಲ್ಲ.