ಟೆನಿಸ್ ಡಬಲ್ಸ್ ನೋಡಕ್ಕೆ ಅಂತ ಸ್ಪೋರ್ಟ್ಸ್ ಪ್ಯಾಕ್ ಹಾಕಿಸಿದ್ದು: ಆಟಕ್ಕೆ 5ಕ್ಕೆ 5, ಪ್ಯಾಕಿಗೆ 5ಕ್ಕೆ 2

ಪ್ಯಾಕ್ ರಿನ್ಯೂ ಮಾಡಿ ಅಂತ ಮೆಸೇಜ್ ಮೇಲೆ ಮೆಸೇಜ್ ಬರ್ತಾ ಇದೆ, ಮಾಡ್ಲೋ ಬೇಡ್ವೋ ಅಂತ ಕೂತಿರೋವಾಗ ಇದನ್ನ ಬರೀತಿದೀನಿ. ನಮ್ಮನೆ ಇರೋದು ತೀರ್ಥಹಳ್ಳಿಯಿಂದ ಒಳಗೆ, ಮೊಬೈಲ್ ಸಿಗ್ನಲ್ ಬೇಕು ಅಂದ್ರೆ ತೋಟ ದಾಟಿ ಗುಡ್ಡ ಹತ್ಬೇಕು, ಅದಕ್ಕೇ 2023ರ ಕೊನೇಲಿ ಫೈಬರ್ ಎಳೆಯೋರು ಬಂದಾಗ ನೆಟ್ ಜೊತೆಗೆ ಸ್ಪೋರ್ಟ್ಸ್ ಪ್ಯಾಕೂ ಹಾಕಿಸ್ಕೊಂಡೆ. ಕಂಪನಿ ಹೆಸರು ಬೇಡ ಬಿಡಿ, ಲೈನ್ ನೋಡ್ಕೊಳ್ಳೋ ಹುಡುಗ ಪಾಪ ಒಳ್ಳೆಯವನು. ವರ್ಷದ ರೇಟು ಎರಡು ಎರಡೂವರೆ ಕೆಜಿ ರಾಶಿ ಅಡಿಕೆ ಮಾರಿದ್ರೆ ಬರೋಷ್ಟು. ನಂಗೆ ಬೇಕಿದ್ದಿದ್ದು ಒಂದೇ, ಮೆನ್ಸ್ ಡಬಲ್ಸ್.

ಕ್ರಿಕೆಟ್ ಬಿಟ್ಟು ಇದೇನು ಹುಚ್ಚು ಅಂತ ಮನೇಲೂ ಕೇಳ್ತಾರೆ. ನಾವು ಮಳೆಗಾಲ ಮುಗಿದ ಮೇಲೆ ಶಾಲೆ ಮೈದಾನದಲ್ಲಿ ಲೈಟ್ ಕಟ್ಕೊಂಡು ಶಟಲ್ ಆಡೋರು, ಸಿಂಗಲ್ಸ್ ಆಡೋಕೆ ಉಸಿರಿಲ್ಲ, ಹಾಗಾಗಿ ಎಲ್ಲಾ ಡಬಲ್ಸೇ. ಮಧ್ಯೆ ಬಂದ ಕಾಕ್ ನಿಂದೋ ನಂದೋ ಅಂತ ಇಬ್ರೂ ಮುಖ ಮುಖ ನೋಡ್ಕೊಂಡು ನಿಂತ್ಬಿಡೋದಿದ್ಯಲ್ಲ, ಅದು ಸ್ವಂತ ಅನುಭವ. ಅದನ್ನೇ ದೊಡ್ಡ ಆಟಗಾರರು ಹೆಂಗೆ ಸಂಭಾಳಿಸ್ತಾರೆ ನೋಡೋದ್ರಲ್ಲಿ ಒಂಥರಾ ಮಜಾ. ಟೆನಿಸಲ್ಲಿ ಸಿಂಗಲ್ಸಿಗೆ ಕೋರ್ಟ್ ಅಗಲ 27 ಅಡಿ, ಡಬಲ್ಸಿಗೆ 36, ಆ ಕಡೆ ನಾಲ್ಕೂವರೆ ಈ ಕಡೆ ನಾಲ್ಕೂವರೆ ಜಾಸ್ತಿ ಅಷ್ಟೇ, ಅದ್ರಲ್ಲಿ ನಾಲ್ಕು ಜನ ಓಡಾಡ್ತಾರೆ, ಆದ್ರೂ ಬಾಲ್ ಹೋಗೋಕೆ ಜಾಗ ಹುಡುಕ್ತಾರೆ.

2024ರ ಜನವರಿ 27, ಶನಿವಾರ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಫೈನಲ್. ನಮ್ಮ ಕೊಡಗಿನ ರೋಹನ್ ಬೋಪಣ್ಣ ಮತ್ತೆ ಆಸ್ಟ್ರೇಲಿಯಾದ ಎಬ್ಡೆನ್ ಒಂದ್ಕಡೆ, ಇಟಲಿಯ ಬೊಲೆಲ್ಲಿ, ವಾವಸ್ಸೋರಿ ಇನ್ನೊಂದ್ಕಡೆ. ನಮಗೆ ಅಡಿಕೆ ಕೊಯ್ಲಿನ ಟೈಮು, ಮನೆ ತುಂಬಾ ಸುಲಿಯೋರು, ನಾನು ಟ್ಯಾಬನ್ನ ಗೋಣಿಚೀಲಕ್ಕೆ ಒರಗಿಸಿಟ್ಟು ಅವರ ಜೊತೆಗೇ ಕೂತಿದ್ದೆ. ಮೊದ್ಲು ಹೆಂಗಸರ ಸಿಂಗಲ್ಸ್ ಫೈನಲ್ ಇತ್ತು, ಅದು ಬೇಗ ಮುಗೀತು, ನಮ್ಮ ಕಡೆ ನಾಲ್ಕು ಗಂಟೆ ಕಾಫಿ ಹೊತ್ತಿಗೆ ಇದು ಶುರು.

ಅಪ್ಪಯ್ಯ ಬಂದು "ಆ ಕೊಡಗಿನ ಹುಡುಗ ಆಡ್ತಾನೇನೋ?" ಅಂದ್ರು.

"ಹುಡುಗ ಅಲ್ಲ ಅಪ್ಪಯ್ಯ, ನಲವತ್ಮೂರು."

ನಂಬ್ಲಿಲ್ಲ. ಮೊಣಕಾಲಲ್ಲಿ ಮೃದ್ವಸ್ಥಿ ಸವೆದು ಹೋಗಿದೆಯಂತೆ, ಅಯ್ಯಂಗಾರ್ ಯೋಗ ಮಾಡ್ಕೊಂಡು ಆಡ್ತಾನಂತೆ ಅಂದೆ, ಆಮೇಲೆ ಅವರು ಬಾಲ್ ನೋಡ್ಲೇ ಇಲ್ಲ, ಬರೀ ಅವನ ಮೊಣಕಾಲೇ ನೋಡ್ತಾ ಇದ್ರು.

ಸರ್ವ್ ಮಾಡೋಕೆ ಮುಂಚೆ ನೆಟ್ ಹತ್ರ ಇರೋನು ಬೆನ್ನ ಹಿಂದೆ ಕೈ ಇಟ್ಟು ಬೆರಳು ತೋರಿಸ್ತಾನಲ್ಲ, ಆ ಕಡೆಗೆ ಹಾರ್ತೀನಿ ಇಲ್ಲಾ ಇಲ್ಲೇ ಇರ್ತೀನಿ ಅಂತ, ಅದನ್ನ ನೋಡಿ ಮೆಟ್ಟುಗತ್ತಿ ಮುಂದೆ ಕೂತಿದ್ದ ಅಜ್ಜಿ ಒಬ್ರು "ಇಸ್ಪೀಟಾಟದಲ್ಲಿ ಜೊತೆಯೋನಿಗೆ ಕಣ್ಣು ಹೊಡೆದಂಗಾಯ್ತು, ಇದಕ್ಕೆ ಯಾರೂ ಬೈಯಲ್ವಾ?" ಅಂದ್ರು. ಇಸ್ಪೀಟಲ್ಲಿ ಇಪ್ಪತ್ತೆಂಟು ಆಡೋರಿಗೆ ಡಬಲ್ಸ್ ಹೇಳಿಕೊಡಬೇಕಾಗಿಲ್ಲ. ಕೆಲವೊಂದ್ಸಲ ಆ ನೆಟ್ ಹತ್ರದವನು ಮಧ್ಯ ಗೆರೆ ಮೇಲೇ ಕುಕ್ಕರುಗಾಲಲ್ಲಿ ಕೂತಿರ್ತಾನೆ, ತಲೆ ಮೇಲಿಂದ ಬಾಲ್ ಹೋಗತ್ತೆ, ಹೋದ ಕೂಡ್ಲೇ ಎದ್ದು ಎಡಕ್ಕೋ ಬಲಕ್ಕೋ ಹಾರ್ತಾನೆ, ಎದುರಿನೋರಿಗೆ ಯಾವ ಕಡೆ ಹೊಡೀಬೇಕು ಅಂತ್ಲೇ ತಿಳಿಯಲ್ಲ.

ಈಗ ಪ್ಯಾಕಿನ ಕಥೆ. ಮೊದಲ ಸೆಟ್ 6-6, ಟೈಬ್ರೇಕ್ (ಸಮ ಆದಾಗ ಸೆಟ್ ಯಾರಿಗೆ ಅಂತ ತೀರ್ಮಾನ ಮಾಡೋ ಗೇಮ್), ಸರಿಯಾಗಿ ಆಗ್ಲೇ ಟ್ಯಾಬಲ್ಲಿ ಬಫರಿಂಗ್ ಚಕ್ರ ತಿರುಗೋಕೆ ಶುರು. ಒಂದ್ಸಲ ಆಫ್ ಮಾಡಿ ಆನ್ ಮಾಡ್ದೆ, ಲಾಗಿನ್ ಕೇಳ್ತು, ಒಟಿಪಿ ಬರ್ಬೇಕು, ಒಟಿಪಿ ಬರೋಕೆ ಗುಡ್ಡದ ಮೇಲೆ ಹೋಗ್ಬೇಕು! ಓಡಿ ಹೋಗಿ ಬಂದು ನೋಡಿದ್ರೆ ಟೈಬ್ರೇಕ್ 7-0. ಬೋಪಣ್ಣ ಜೋಡಿ ಒಂದು ಪಾಯಿಂಟೂ ಬಿಟ್ಟುಕೊಟ್ಟಿಲ್ಲ, ನಾನು ಒಂದು ಪಾಯಿಂಟೂ ನೋಡಿಲ್ಲ. ಎರಡನೇ ಸೆಟ್ಟಲ್ಲಿ ಹನ್ನೊಂದನೇ ಗೇಮಿಗೆ ವಾವಸ್ಸೋರಿಯ ಸರ್ವ್ ಮುರಿದ್ರು, ಅಂದ್ರೆ ಅವನು ಸರ್ವ್ ಮಾಡಿದ ಗೇಮನ್ನ ಇವರು ಗೆದ್ರು, ಇಡೀ ಮ್ಯಾಚಿಗೆ ಅದೊಂದೇ ಬ್ರೇಕ್, 7-5, ಮುಗೀತು. ಓಪನ್ ಯುಗದಲ್ಲಿ, ಅಂದ್ರೆ 1968ರಿಂದ ಈಚೆ, ಅಷ್ಟು ವಯಸ್ಸಲ್ಲಿ ಮೆನ್ಸ್ ಡಬಲ್ಸ್ ಗ್ರ್ಯಾಂಡ್ ಸ್ಲಾಮ್ ಗೆದ್ದೋರು ಬೇರೆ ಯಾರೂ ಇರ್ಲಿಲ್ಲ. ಬೋಪಣ್ಣಂಗೆ ಎರಡು ದಿನ ಮುಂಚೆ ಪದ್ಮಶ್ರೀ ಅಂತ ಅನೌನ್ಸ್ ಆಗಿತ್ತು, ಎರಡು ದಿನ ಆದ್ಮೇಲೆ ಡಬಲ್ಸಲ್ಲಿ ವಿಶ್ವಕ್ಕೇ ನಂಬರ್ ಒನ್. ಇದೇ ಜೋಡಿ ಮೊದಲ ರೌಂಡಲ್ಲೇ ಮೂರನೇ ಸೆಟ್ ಟೈಬ್ರೇಕ್ ತನಕ ಹೋಗಿ ಬಚಾವಾಗಿತ್ತು, ಸೆಮಿಫೈನಲ್ಲೂ ಹಂಗೇ, 10-7.

ಪ್ಯಾಕಿಗೆ ಎರಡೇ ಕೊಟ್ಟಿದ್ದು ಬಫರಿಂಗಿಗಲ್ಲ, ಕಾಡಲ್ಲಿ ಮರ ಬಿದ್ರೆ ಕೇಬಲ್ ಕಡಿಯತ್ತೆ, ಅದು ನಮಗೆ ಅಭ್ಯಾಸ. ಸಿಟ್ಟು ಬರೋದು ಡಬಲ್ಸನ್ನ ಇಡೋ ರೀತಿಗೆ. ಸಿಂಗಲ್ಸಿಗಾದ್ರೆ ಫೋಟೋ, ಹೆಸರು, ಟೈಮು ಎಲ್ಲಾ ಇರತ್ತೆ, ಡಬಲ್ಸಿಗೆ ಬರೀ "ಕೋರ್ಟ್ 7". ಒಳಗೆ ಯಾರಿದಾರೆ ಅಂತ ಒಂದೊಂದೇ ತೆಗೆದು ನೋಡ್ಬೇಕು, ದೀಪಾವಳಿಗೆ ಯಾವ ಡಬ್ಬಿಲಿ ಚಕ್ಲಿ ಇದೆ ಅಂತ ಹುಡುಕಿದಂಗೆ. ಹೈಲೈಟ್ಸಿಗೆ ಹೋದ್ರೆ ಹೆಡ್ಡಿಂಗಲ್ಲೇ ಸ್ಕೋರ್ ಹಾಕಿರ್ತಾರೆ. ಕಸ್ಟಮರ್ ಕೇರಿಗೆ ಫೋನ್ ಮಾಡಿದ್ರೆ "ಸರ್, ಇದು ಕ್ರಿಕೆಟ್ಟಾ?" ಅಂತ ಕೇಳಿದ್ರು ಆ ಹುಡುಗಿ, ನಗು ಬಂತು, ಬೈಯೋಕೆ ಆಗ್ಲಿಲ್ಲ.

ದುಡ್ಡಲ್ಲೂ ಹಂಗೇ ನೋಡಿ, ಆ ವರ್ಷ ಡಬಲ್ಸ್ ಗೆದ್ದ ಇಬ್ಬರಿಗೂ ಸೇರಿ 7,30,000 ಆಸ್ಟ್ರೇಲಿಯನ್ ಡಾಲರ್, ಸಿಂಗಲ್ಸ್ ಗೆದ್ದ ಸಿನ್ನರ್ ಒಬ್ಬನಿಗೇ 31,50,000. ಟೂರ್ನಿ ನಡೆಸೋರೇ ಹಂಗೆ ತೂಗಿದ್ರೆ ನಮ್ಮ ಪ್ಯಾಕಿನೋರನ್ನ ಏನು ಹೇಳೋದು.

ಒಂದು ಒಳ್ಳೇದೂ ಹೇಳ್ತೀನಿ. ಸಣ್ಣ ಕೋರ್ಟುಗಳಲ್ಲಿ ಹಿಂದಿನಿಂದ ಹಿಡಿದ ಒಂದೇ ಕ್ಯಾಮೆರಾ ಇರತ್ತಲ್ಲ, ಎಲ್ರೂ ಅದಕ್ಕೆ ಬೈತಾರೆ, ಡಬಲ್ಸಿಗೆ ಅದೇ ಬೆಸ್ಟು ಕಣ್ರೀ. ನಾಲ್ಕೂ ಜನ ಒಟ್ಟಿಗೆ ಕಾಣ್ತಾರೆ, ಬಾಲ್ ಇಲ್ಲದೆ ಇರೋನು ಯಾವ ಕಡೆ ಜಾರ್ತಿದಾನೆ ಅಂತ ಗೊತ್ತಾಗತ್ತೆ. ದೊಡ್ಡ ಕೋರ್ಟಲ್ಲಿ ಮಾತೆತ್ತಿದ್ರೆ ಮುಖಕ್ಕೆ ಕ್ಯಾಮೆರಾ ಹಿಡೀತಾರೆ, ಪಾರ್ಟ್ನರ್ ಎಲ್ಲಿದಾನೆ ಅಂತ್ಲೇ ಕಾಣಲ್ಲ.

ಬೋಪಣ್ಣ 2025ರ ನವೆಂಬರಲ್ಲಿ ರಿಟೈರ್ ಆದ, ಇನ್ಯಾಕೆ ನೋಡ್ತೀಯ ಅಂತಾರೆ. ನಮ್ಮ ದೇಶದ ಯೂಕಿ ಭಾಂಬ್ರಿ ಇದ್ದಾನಲ್ಲ, 2025ರಲ್ಲಿ ಯುಎಸ್ ಓಪನ್ ಡಬಲ್ಸ್ ಸೆಮಿ ತನಕ ಹೋಗಿದ್ದ. ಅವನೂ ಇಲ್ಲ ಅಂದ್ರೂ ಯಾವ ಊರಿನೋರು ಆಡಿದ್ರೂ ನಾನು ನೋಡ್ತೀನಿ.

ಕೊನೆಗೆ ಒಂದು ತಿಂಗಳಿಗೆ ಮಾತ್ರ ಹಾಕಿಸಿದೀನಿ, ಜನವರಿಯ ಆಸ್ಟ್ರೇಲಿಯನ್ ಓಪನ್ನಿಗೆ ಅಷ್ಟು ಸಾಕು. ಮೆಲ್ಬೋರ್ನಲ್ಲಿ ಬೆಳಗ್ಗೆ 11ಕ್ಕೆ ಶುರುವಾದ್ರೆ ನಮಗೆ 5:30, ಹಾಲು ಕರೆಯೋ ಹೊತ್ತು. ಹಾಕಿಸೋರಿದ್ರೆ ಹಿಂದಿನ ರಾತ್ರೀನೇ ಲಾಗಿನ್ ಮಾಡಿಟ್ಕೊಳ್ಳಿ, ಒಟಿಪಿಗೆ ಅಂತ ಆ ಮಂಜಲ್ಲಿ ಗುಡ್ಡ ಹತ್ತೋದು ಬೇಡ, ಜಾರತ್ತೆ.