ಕ್ಯಾಪ್ಸೂಲ್, ಮಾತ್ರೆ, ಇಂಜೆಕ್ಷನ್: ತೂಕ ಇಳಿಸಲು ನಾನು ತಗೊಂಡ ಮೂರು ಔಷಧಿಗಳು

ಮೊದಲೇ ಹೇಳಿಬಿಡುತ್ತೇನೆ. ಮೂರರಲ್ಲಿ ನನಗೆ ಒಗ್ಗಿದ್ದು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಟಿರ್ಜೆಪಟೈಡ್ ಇಂಜೆಕ್ಷನ್. ಅದಕ್ಕೂ ಮುಂಚೆ ಆರ್ಲಿಸ್ಟಾಟ್ ಕ್ಯಾಪ್ಸೂಲನ್ನು ನಾಲ್ಕು ತಿಂಗಳು, ಸೆಮಾಗ್ಲುಟೈಡ್ ಮಾತ್ರೆಯನ್ನು ಎಂಟು ತಿಂಗಳು ನುಂಗಿದ್ದೇನೆ. ಮೂರನ್ನೂ ಡಾಕ್ಟರ್ ಚೀಟಿ ಬರೆದುಕೊಟ್ಟ ಮೇಲೆಯೇ ತಗೊಂಡಿದ್ದು. ನಾನು ಸಣ್ಣ ಆದಾಗಿನಿಂದ ಸ್ಟಾಫ್ ರೂಮಿನಲ್ಲಿ ವಾರಕ್ಕೆ ಒಬ್ಬರಾದರೂ ಬಂದು, "ಮೇಡಂ, ಯಾವುದು ತಗೊಂಡ್ರಿ, ನಮಗೂ ಹೇಳ್ರಿ" ಅಂತ ಕೇಳುತ್ತಾರೆ. ಬೆಲ್ ಹೊಡೆಯುವುದರೊಳಗೆ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನನ್ನ ಕಥೆ ಇಷ್ಟು. ವಯಸ್ಸು 46. ಎತ್ತರ 156 ಸೆಂ.ಮೀ. 2023ರ ಜೂನ್‌ನಲ್ಲಿ ತೂಕ 91 ಕೆ.ಜಿ. ಹನ್ನೆರಡು ವರ್ಷದಿಂದ ಥೈರಾಯ್ಡ್ ಮಾತ್ರೆ, ಐದು ವರ್ಷದಿಂದ ಶುಗರ್. ದಾವಣಗೆರೆಯಲ್ಲಿ ಮನೆ, ಹರಿಹರದ ಆಚೆ ಒಂದು ಹೈಸ್ಕೂಲಿನಲ್ಲಿ ಕೆಲಸ. ವಾಕಿಂಗ್ ಮಾಡಿದ್ದೇನೆ, ರಾತ್ರಿ ಅನ್ನ ಬಿಟ್ಟಿದ್ದೇನೆ, ಜೀರಿಗೆ ನೀರು ಕುಡಿದಿದ್ದೇನೆ. ನಾಲ್ಕು ಕೆ.ಜಿ. ಇಳಿದು ಐದು ಏರುತ್ತಿತ್ತು. ಬಸ್ ಮೆಟ್ಟಿಲು ಹತ್ತುವಾಗ ಬಲ ಮಂಡಿ ಕಟಕಟ ಅನ್ನೋಕೆ ಶುರುವಾದಾಗ ಶುಗರ್ ಡಾಕ್ಟರ್ ಹತ್ತಿರ ತೂಕದ ಮಾತು ತೆಗೆದೆ.

ಮೊದಲು ಬರೆದುಕೊಟ್ಟಿದ್ದು ಆರ್ಲಿಸ್ಟಾಟ್ 120 ಮಿ.ಗ್ರಾಂ. ಊಟದ ಜೊತೆ ಒಂದೊಂದು, ದಿನಕ್ಕೆ ಮೂರು. ಇದು ಹಸಿವು ಕಡಿಮೆ ಮಾಡುವ ಔಷಧಿ ಅಲ್ಲ. ನಾವು ತಿಂದ ಎಣ್ಣೆ, ತುಪ್ಪ, ಬೆಣ್ಣೆಯಲ್ಲಿ ಹೆಚ್ಚುಕಡಿಮೆ ನೂರಕ್ಕೆ ಮೂವತ್ತು ಪಾಲು ಜೀರ್ಣ ಆಗದ ಹಾಗೆ ಕರುಳಿನಲ್ಲಿ ತಡೆಯುತ್ತದೆ. ಜೀರ್ಣ ಆಗದ ಆ ಕೊಬ್ಬು ಎಲ್ಲಾದರೂ ಹೋಗಲೇಬೇಕಲ್ವಾ? ಹಾಗೇ ಹೊರಗೆ ಬರುತ್ತದೆ. ನೀರಿನ ಮೇಲೆ ಕಿತ್ತಳೆ ಬಣ್ಣದ ಎಣ್ಣೆ ಹನಿ ತೇಲುತ್ತದೆ, ಸಾರಿನ ಮೇಲೆ ತೇಲುವ ಒಗ್ಗರಣೆ ಎಣ್ಣೆಯ ಹಾಗೆ. ಮೊದಲ ದಿನ ನೋಡಿ ಗಾಬರಿಯಾಗಿದ್ದೆ.

ಕೊಬ್ಬು ಕಡಿಮೆ ಇರುವ ಊಟ ಮಾಡಿದರೆ ಏನೂ ತೊಂದರೆ ಇಲ್ಲ. ಆದರೆ ನಾವಿರೋದು ದಾವಣಗೆರೆಯಲ್ಲಿ. ಒಂದು ಭಾನುವಾರ ಊರಿಂದ ನೆಂಟರು ಬಂದರು, ಎಲ್ಲರೂ ಬೆಣ್ಣೆ ದೋಸೆಗೆ ಹೋದೆವು. ಎರಡು ದೋಸೆ ತಿಂದು, ಕ್ಯಾಪ್ಸೂಲನ್ನೂ ನುಂಗಿದೆ. ಸೋಮವಾರ ಎರಡನೇ ಪೀರಿಯಡ್‌ನಲ್ಲಿ ಬೋರ್ಡಿನ ಮೇಲೆ ಬರೆಯುತ್ತಾ ನಿಂತವಳಿಗೆ ತಡೆಯೋಕೇ ಆಗಲಿಲ್ಲ. ಸೀರೆಗೆ ಕಲೆ ಆಗಿತ್ತು. ಜೊತೆಯ ಟೀಚರ್ ಒಬ್ಬರು ತಮ್ಮ ಶಾಲು ಹೊದಿಸಿ, ಆಟೋ ಹತ್ತಿಸಿ ಕಳಿಸಿದರು. ಅವರ ಋಣ ನಾನು ಮರೆಯಲ್ಲ. ಆಮೇಲೆ ಎಣ್ಣೆ ಪದಾರ್ಥ ಕಂಡರೆ ಕ್ಯಾಪ್ಸೂಲನ್ನೇ ಬಿಡುತ್ತಿದ್ದೆ. ಹಾಗೆ ಬಿಟ್ಟರೆ ಔಷಧಿ ಯಾಕೆ ಬೇಕು? ನಾಲ್ಕು ತಿಂಗಳಲ್ಲಿ ಮೂರು ಕೆ.ಜಿ. ಇಳಿದೆ, ನಿಲ್ಲಿಸಿದ ಎರಡು ತಿಂಗಳಿಗೆ ಎರಡು ವಾಪಸ್ ಬಂತು. ತಗೊಳ್ಳುವವರು ಇನ್ನೊಂದು ಗಮನಿಸಿ. ಎ, ಡಿ, ಇ, ಕೆ ವಿಟಮಿನ್‌ಗಳೂ ಆ ಕೊಬ್ಬಿನ ಜೊತೆ ಹೋಗಿಬಿಡುತ್ತವೆ. ಮಲಗುವಾಗ ಒಂದು ವಿಟಮಿನ್ ಮಾತ್ರೆ ಬೇಕು. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಬೇಕು.

ಸೆಮಾಗ್ಲುಟೈಡ್ ಮಾತ್ರೆಯ ದಾರಿ ಬೇರೆ. ಊಟ ಆದ ಮೇಲೆ ನಮ್ಮ ಕರುಳಿನಿಂದಲೇ ಬರುವ ಜಿಎಲ್‌ಪಿ-1 ಅನ್ನುವ ಹಾರ್ಮೋನಿನ ಕೆಲಸವನ್ನು ಇದು ಮಾಡುತ್ತದೆ. ಹೊಟ್ಟೆ ನಿಧಾನ ಖಾಲಿಯಾಗುತ್ತದೆ, ಬೇಗ ಸಾಕು ಅನಿಸುತ್ತದೆ, ಶುಗರ್ ಇಳಿಯುತ್ತದೆ. ನಮ್ಮಲ್ಲಿ ಈ ಮಾತ್ರೆ 2022ರಲ್ಲಿ ಶುಗರ್ ಔಷಧಿಯಾಗಿ ಬಂದಿದ್ದು. ನನಗೆ ಶುಗರ್ ಇದ್ದಿದ್ದರಿಂದ ಎರಡಕ್ಕೂ ಆಗುತ್ತದೆ ಅಂತ ಡಾಕ್ಟರ್ ಬರೆದರು. ಜೊತೆಗಿದ್ದ ಗ್ಲಿಮೆಪಿರೈಡ್ ಅನ್ನುವ ಶುಗರ್ ಮಾತ್ರೆ ನಿಲ್ಲಿಸಿದರು, ಇಲ್ಲದಿದ್ದರೆ ಲೋ ಶುಗರ್ ಆಗಬಹುದು ಅಂತ. ಮೊದಲ ತಿಂಗಳು 3 ಮಿ.ಗ್ರಾಂ, ಆಮೇಲೆ 7, ಆಮೇಲೆ 14.

ಔಷಧಿ ಒಳ್ಳೆಯದೇ. ನನ್ನನ್ನು ಸೋಲಿಸಿದ್ದು ಬೆಳಗಿನ ಹೊತ್ತು.

ಈ ಮಾತ್ರೆಯನ್ನು ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ನುಂಗಬೇಕು. ನೀರು 120 ಮಿ.ಲೀ. ದಾಟಬಾರದು. ಅಂದರೆ ಅರ್ಧ ಲೋಟ. ಆಮೇಲೆ ಅರ್ಧ ಗಂಟೆ ಏನೂ ಇಲ್ಲ. ಕಾಫಿ ಇಲ್ಲ, ಗುಟುಕು ನೀರಿಲ್ಲ, ಬೇರೆ ಮಾತ್ರೆಯೂ ಇಲ್ಲ. ಯಾಕೆ ಇಷ್ಟು ಬಿಗಿ ಅಂತ ಕೇಳಿದ್ದಕ್ಕೆ ಡಾಕ್ಟರ್ ಹೇಳಿದರು: "ನೋಡಮ್ಮ, ನುಂಗಿದ್ದರಲ್ಲಿ ಹೆಚ್ಚೆಂದರೆ ನೂರಕ್ಕೆ ಒಂದು ಪಾಲು ರಕ್ತ ಸೇರುತ್ತೆ. ಅದಕ್ಕೂ ನೀವು ನೀರು ಸುರಿದರೆ ಇನ್ನೇನು ಉಳಿಯುತ್ತೆ?"

ಬರೀ ಇದೊಂದೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ನನ್ನ ಥೈರಾಯ್ಡ್ ಮಾತ್ರೆಯೂ ಖಾಲಿ ಹೊಟ್ಟೆಯದ್ದೇ. ಹನ್ನೆರಡು ವರ್ಷದಿಂದ ಐದೂವರೆಗೆ ಅದನ್ನು ನುಂಗಿ, ಆರೂವರೆಗೆ ಕಾಫಿ ಕುಡಿದು, ಏಳೂ ಐವತ್ತರ ಬಸ್ ಹಿಡಿದವಳು ನಾನು. ಈಗ ಐದಕ್ಕೆ ಸೆಮಾಗ್ಲುಟೈಡ್, ಐದು ಮೂವತ್ತೈದಕ್ಕೆ ಥೈರಾಯ್ಡ್, ಆರು ಮುಕ್ಕಾಲಿಗೆ ಕಾಫಿ. ಕಾಗದದ ಮೇಲೆ ಬರೆದರೆ ಸರಿಯಾಗೇ ಕಾಣುತ್ತದೆ. ಅಡುಗೆಮನೆಯಲ್ಲಿ ಹಾಗಲ್ಲ. ಪಲ್ಯಕ್ಕೆ ಉಪ್ಪು ನೋಡಲು ಕೈ ತಾನಾಗೇ ನಾಲಿಗೆಗೆ ಹೋಗುತ್ತದೆ. ಗಂಟಲು ಒಣಗಿ ಒಂದು ಗುಟುಕು ನೀರು ಕುಡಿದ ಮೇಲೆ ನೆನಪಾಗುತ್ತದೆ. ಒಂದೊಂದು ದಿನ ಐದೂಮುಕ್ಕಾಲಿಗೆ ಎಚ್ಚರವಾದರೆ ಎರಡರಲ್ಲಿ ಒಂದು ಬಿಡಲೇಬೇಕು. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಡ್ಯೂಟಿ ಇದ್ದ ವಾರವಂತೂ ನಾಲ್ಕು ದಿನ ಮಾತ್ರೆ ತಪ್ಪಿತು. ಮದುವೆ ಮನೆಗೆ ಹೋದರೆ ಛತ್ರದಲ್ಲಿ ಎದ್ದ ತಕ್ಷಣ ಯಾರೋ ಕಾಫಿ ಲೋಟ ಕೈಗಿಡುತ್ತಾರೆ. ಬೇಡ ಅಂದರೆ ಯಾಕೆ ಅಂತ ಹತ್ತು ಜನಕ್ಕೆ ಉತ್ತರ ಹೇಳಬೇಕು.

ಮೂರು ತಿಂಗಳು ಆದ ಮೇಲೆ ಎದೆ ಢವಢವ ಅನ್ನೋಕೆ ಶುರುವಾಯಿತು. ರಾತ್ರಿ ನಿದ್ದೆ ಇಲ್ಲ, ಕೈ ಬೆವರು. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ 0.2ಕ್ಕೆ ಇಳಿದಿತ್ತು, ಅಂದರೆ ಥೈರಾಯ್ಡ್ ಹಾರ್ಮೋನ್ ಜಾಸ್ತಿ ಆಗಿತ್ತು. ಸೆಮಾಗ್ಲುಟೈಡ್ ಮಾತ್ರೆಯ ಜೊತೆ, ಥೈರಾಯ್ಡ್ ಮಾತ್ರೆಯಲ್ಲಿರುವ ಥೈರಾಕ್ಸಿನ್ ದೇಹಕ್ಕೆ ಜಾಸ್ತಿ ಸೇರುತ್ತದೆ ಅನ್ನೋದು ನನಗೆ ಆಗ ಗೊತ್ತಾಯಿತು. ಡಾಕ್ಟರ್ ಥೈರಾಯ್ಡ್ ಡೋಸ್ ಇಳಿಸಿ, ಅದನ್ನು ರಾತ್ರಿಗೆ ಹಾಕಿಕೊಳ್ಳಿ ಅಂದರು. ರಾತ್ರಿ ಅಂದರೆ ಊಟ ಆಗಿ ಮೂರು ಗಂಟೆ ಆದ ಮೇಲೆ. ನಮ್ಮ ಮನೆಯವರು ಅಂಗಡಿ ಬಾಗಿಲು ಹಾಕಿ ಬರುವುದೇ ಒಂಬತ್ತೂವರೆಗೆ. ಎಲ್ಲರೂ ಒಟ್ಟಿಗೆ ಕೂತು ಉಣ್ಣೋದು ಅದೊಂದೇ ಹೊತ್ತು. ಹತ್ತಕ್ಕೆ ಊಟ ಮುಗಿದರೆ ಮಾತ್ರೆ ಒಂದು ಗಂಟೆಗೆ. ಹಾಲ್‌ನಲ್ಲಿ ಲೈಟ್ ಹಾಕಿಕೊಂಡು ಉತ್ತರ ಪತ್ರಿಕೆ ತಿದ್ದುತ್ತಾ ಕೂತು, ಒಂದಕ್ಕೆ ಮಾತ್ರೆ ನುಂಗಿ, ಮತ್ತೆ ಐದಕ್ಕೆ ಏಳುವುದು. ಎಷ್ಟು ದಿನ ಆಗುತ್ತದೆ ಹೇಳಿ? ಒಂದು ತಿಂಗಳ ಕೊನೆಗೆ ಸ್ಟ್ರಿಪ್ ತೆಗೆದು ಎಣಿಸಿದೆ. 30ರಲ್ಲಿ 7 ಹಾಗೇ ಉಳಿದಿದ್ದವು. ಒಂದೊಂದಕ್ಕೂ ಮುನ್ನೂರು ರೂಪಾಯಿ ಮೇಲೆ. ಮನಸ್ಸಿಗೆ ತುಂಬಾ ಬೇಜಾರಾಯಿತು.

ಎಂಟು ತಿಂಗಳಲ್ಲಿ 90ರಿಂದ 85 ಆದೆ. ಶುಗರ್‌ನ ಮೂರು ತಿಂಗಳ ಸರಾಸರಿ 7.8ರಿಂದ 6.9ಕ್ಕೆ ಬಂತು. ಸರಿಯಾಗಿ ತಗೊಂಡಿದ್ದರೆ ಇನ್ನೂ ಚೆನ್ನಾಗಿ ಆಗುತ್ತಿತ್ತು, ಅದರಲ್ಲಿ ಅನುಮಾನ ಇಲ್ಲ. ಥೈರಾಯ್ಡ್ ಇಲ್ಲದವರಿಗೆ, ಬೆಳಗ್ಗೆ ಗಡಿಬಿಡಿ ಇಲ್ಲದವರಿಗೆ, ಸೂಜಿ ಅಂದರೆ ಆಗದವರಿಗೆ ಈ ಮಾತ್ರೆ ಬೇಡ ಅಂತ ನಾನು ಹೇಳಲ್ಲ.

ಟಿರ್ಜೆಪಟೈಡ್ ನಮ್ಮ ದೇಶಕ್ಕೆ ಬಂದಿದ್ದು 2025ರ ಮಾರ್ಚ್‌ನಲ್ಲಿ, ಮೌಂಜಾರೋ ಅನ್ನುವ ಹೆಸರಲ್ಲಿ. ಇದು ಜಿಎಲ್‌ಪಿ-1ರ ಜೊತೆ ಜಿಐಪಿ ಅನ್ನುವ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. ಶುಗರ್ ಇಲ್ಲದ ದಪ್ಪ ಇರುವವರ ಮೇಲೆ 72 ವಾರ ನಡೆದ ಒಂದು ಅಧ್ಯಯನದಲ್ಲಿ ಇದನ್ನು ಸೆಮಾಗ್ಲುಟೈಡ್ ಇಂಜೆಕ್ಷನ್ ಜೊತೆ ಹೋಲಿಸಿದ್ದಾರೆ. ಇದರಲ್ಲಿ ಸರಾಸರಿ ಶೇ. 20ರಷ್ಟು ತೂಕ ಇಳಿದರೆ ಅದರಲ್ಲಿ ಶೇ. 14ರಷ್ಟು. ಅದು ದೊಡ್ಡ ಡೋಸ್‌ನ ಮಾತು. ಶುಗರ್ ಇರುವವರಿಗೆ ಸಾಮಾನ್ಯವಾಗಿ ಇಳಿಯುವುದು ಸ್ವಲ್ಪ ಕಡಿಮೆಯೇ. ಅಷ್ಟೇ ಇಳಿಯುತ್ತೀನಿ ಅಂತ ಲೆಕ್ಕ ಹಾಕಿಕೊಂಡು ಶುರು ಮಾಡಬೇಡಿ.

ನಾನು 2025ರ ಜುಲೈನಲ್ಲಿ ಶುರು ಮಾಡಿದೆ. ಮಾತ್ರೆ ಬಿಟ್ಟು ಮೂರು ತಿಂಗಳಾಗಿ 87ಕ್ಕೆ ಏರಿದ್ದೆ. ಡಾಕ್ಟರ್ ಮೊದಲು ಕೇಳಿದ್ದು ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಇತ್ತಾ, ನನಗೆ ಪ್ಯಾಂಕ್ರಿಯಾಸ್ ಊತ ಆಗಿತ್ತಾ ಅಂತ. ನನ್ನದು ಥೈರಾಯ್ಡ್ ಕಡಿಮೆ ಇರುವ ತೊಂದರೆ, ಅದಕ್ಕೂ ಇದಕ್ಕೂ ಅಡ್ಡಿ ಇಲ್ಲ. ಕ್ಯಾನ್ಸರ್ ಬೇರೆ ಮಾತು. ಎರಡನ್ನೂ ಒಂದೇ ಅಂದುಕೊಂಡು ಹೆದರಿದವರನ್ನು ನೋಡಿದ್ದೇನೆ, ಅದಕ್ಕೇ ಬರೆದೆ.

ನಾನು ತಗೊಳ್ಳೋದು ವಯಲ್. ಹೆಬ್ಬೆರಳಿನಷ್ಟು ಗಾಜಿನ ಸೀಸೆ, ಒಳಗೆ ಅರ್ಧ ಮಿ.ಲೀ. ಔಷಧಿ, ಒಂದೇ ಸಲಕ್ಕೆ. ಪೆನ್ ಕೂಡ ಸಿಗುತ್ತದೆ. ಆದರೆ ನನಗೆ ಸಿರಿಂಜ್ ಹೊಸದಲ್ಲ. ನಮ್ಮಪ್ಪನಿಗೆ ಹತ್ತು ವರ್ಷ ದಿನಕ್ಕೆರಡು ಸಲ ಇನ್ಸುಲಿನ್ ಕೊಟ್ಟಿದ್ದೇನೆ. ಒಂದು ಮಾತ್ರ ಹುಷಾರು. ಅಪ್ಪನ ಇನ್ಸುಲಿನ್ ಸಿರಿಂಜಿನ ಮೇಲಿನ ಯೂನಿಟ್ ಲೆಕ್ಕ ಇದಕ್ಕೆ ಹೊಂದಲ್ಲ. ಮಿ.ಲೀ. ಗುರುತು ಇರುವ ಸಿರಿಂಜನ್ನೇ ಕೇಳಿ ತಗೊಂಡೆ.

ಮೊದಲ ಶನಿವಾರ ರಾತ್ರಿ ಅಪ್ಪ ಮಂಚದ ಮೇಲೆ ಕೂತು ನೋಡುತ್ತಿದ್ದರು. ಸ್ಪಿರಿಟ್‌ನಲ್ಲಿ ರಬ್ಬರ್ ಮುಚ್ಚಳ ಒರೆಸಿದೆ. ಔಷಧಿ ಎಳೆದುಕೊಂಡು, ಸಿರಿಂಜಿಗೆ ಬೆರಳಲ್ಲಿ ಮೆಲ್ಲಗೆ ತಟ್ಟಿ ಗುಳ್ಳೆ ಮೇಲೆ ತಂದೆ. ಹೊಕ್ಕುಳಿಂದ ಮೂರು ಬೆರಳು ಆಚೆ ಚರ್ಮ ಹಿಡಿದೆ. ಸೂಜಿ ಹತ್ತಿರ ಬಂದಾಗ ಕೈ ನಿಂತುಬಿಟ್ಟಿತು. "ನಂಗ ಚುಚ್ಚೋವಾಗ ಒಂದಿನಾನೂ ನಿನ್ನ ಕೈ ನಡುಗಿಲ್ಲ, ಹೆದರಬ್ಯಾಡ ಹಾಕ್ಕೋ" ಅಂದರು ಅಪ್ಪ. ಹಾಕಿಕೊಂಡೆ. ಇರುವೆ ಕಚ್ಚಿದಷ್ಟೂ ಗೊತ್ತಾಗಲಿಲ್ಲ. ಇನ್ನು ಏಳು ದಿನ ಇದರ ಯೋಚನೆ ಇಲ್ಲ ಅನಿಸಿದಾಗ ಆದ ನಿರಾಳ ದೊಡ್ಡದು.

ತೊಂದರೆ ಇಲ್ಲ ಅಂತಲ್ಲ. ಮೊದಲ ಆರು ವಾರ ಭಾನುವಾರ, ಸೋಮವಾರ ಹೊಟ್ಟೆ ತೊಳಸುತ್ತಿತ್ತು. ಒಗ್ಗರಣೆ ವಾಸನೆಗೇ ವಾಕರಿಕೆ. ಮಲಬದ್ಧತೆ ಈಗಲೂ ಇದೆ. ನೀರು, ಸೊಪ್ಪು, ಕೆಲವು ಸಲ ಇಸಬಗೋಲು. ಐದನೇ ತಿಂಗಳಲ್ಲಿ ಕೂದಲು ಉದುರಿತು, ಮೊಟ್ಟೆ, ಮೊಳಕೆ ಕಾಳು ಜಾಸ್ತಿ ಮಾಡಿದೆ. ಒಂದು ಸಲ ಆರ್ಡರ್ ಮಾಡಿ ತರಿಸಿದ ಸೀಸೆ ಐಸ್ ಪೂರ್ತಿ ಕರಗಿದ ಡಬ್ಬದಲ್ಲಿ ಬಂತು, ಹಾಗೇ ವಾಪಸ್ ಕಳಿಸಿದೆ. ಇದು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಹೊರಗೆ ಇಟ್ಟರೆ 30 ಡಿಗ್ರಿ ಒಳಗೆ 21 ದಿನ ಮಾತ್ರ. ನಮ್ಮ ಏಪ್ರಿಲ್ ಬಿಸಿಲಲ್ಲಿ 30 ಡಿಗ್ರಿ ಎಲ್ಲಿಂದ ತರೋದು? ಈಗ ಮೆಡಿಕಲ್ ಶಾಪಿಗೆ ನಾನೇ ಐಸ್ ಪ್ಯಾಕ್ ಹಾಕಿದ ಟಿಫಿನ್ ಬ್ಯಾಗ್ ಹಿಡಿದು ಹೋಗುತ್ತೇನೆ.

ಆದರೆ ತಲೆಯೊಳಗೆ ಆದ ಬದಲಾವಣೆ ಹೇಳಲೇಬೇಕು. ಮುಂಚೆ ನಾಲ್ಕು ಗಂಟೆ ಆದರೆ ಮಂಡಕ್ಕಿ ಮೆಣಸಿನಕಾಯಿ ಬಿಟ್ಟರೆ ಬೇರೆ ಯೋಚನೆ ಬರುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಗಾಡಿ ದಾಟಿ ಬರುವುದೇ ಒಂದು ಹೋರಾಟ. ನನಗೆ ಮನಸ್ಸು ಗಟ್ಟಿ ಇಲ್ಲ ಅಂತ ಎಷ್ಟೋ ವರ್ಷ ನನ್ನನ್ನೇ ಬೈದುಕೊಂಡಿದ್ದೇನೆ. ಮೂರನೇ ವಾರದಲ್ಲಿ ಒಂದು ದಿನ ಮನೆಗೆ ಬಂದು ಕಾಲು ತೊಳೆಯುವಾಗ ಗೊತ್ತಾಯಿತು, ಆ ಗಾಡಿ ದಾಟಿ ಬಂದಿದ್ದೇನೆ, ಅದನ್ನು ನೋಡೇ ಇಲ್ಲ. ಬಚ್ಚಲ ಬಾಗಿಲಲ್ಲಿ ನಿಂತು ಅತ್ತುಬಿಟ್ಟೆ. ಅದು ಮನಸ್ಸಿನ ಸೋಲು ಆಗಿರಲೇ ಇಲ್ಲ.

2026ರ ಫೆಬ್ರುವರಿಗೆ 78 ಕೆ.ಜಿ. ಶುಗರ್ ಸರಾಸರಿ 6.1. ಮಂಡಿ ಸದ್ದು ನಿಂತಿದೆ. ಥೈರಾಯ್ಡ್ ಮಾತ್ರೆ ಐದೂವರೆಗೆ, ಕಾಫಿ ಆರೂವರೆಗೆ ವಾಪಸ್ ಬಂದಿವೆ.

ಇನ್ನು ದುಡ್ಡು. ಆರ್ಲಿಸ್ಟಾಟ್‌ಗೆ ತಿಂಗಳಿಗೆ ನಾಲ್ಕು ಸಾವಿರದ ಹತ್ತಿರ, ಸೆಮಾಗ್ಲುಟೈಡ್ ಮಾತ್ರೆಗೆ ಹತ್ತು ಸಾವಿರದ ಹತ್ತಿರ ಆಗುತ್ತಿತ್ತು. ಟಿರ್ಜೆಪಟೈಡ್ ಬಂದಾಗಿನ ಬೆಲೆ 2.5 ಮಿ.ಗ್ರಾಂ ಸೀಸೆಗೆ 3,500, 5 ಮಿ.ಗ್ರಾಂಗೆ 4,375 ರೂಪಾಯಿ. ನಾಲ್ಕು ವಾರಕ್ಕೆ 17,500. ಸುಮ್ನೆ ಮಾತಲ್ಲ ಅದು. ನಾನು ತಿಂಗಳಿಗೆ ಕಟ್ಟುತ್ತಿದ್ದ ಚೀಟಿ ಫಂಡ್ ಒಂದನ್ನು ನಿಲ್ಲಿಸಿ ಇದಕ್ಕೆ ಹಾಕುತ್ತಿದ್ದೇನೆ. ಬಿಟ್ಟರೆ ತೂಕ ವಾಪಸ್ ಬರುತ್ತದೆ ಅನ್ನೋದನ್ನು ಎರಡು ಸಲ ನೋಡಿದ್ದೇನೆ. ಹಾಗಾಗಿ ಆರು ತಿಂಗಳ ದುಡ್ಡು ಮಾತ್ರ ಇರುವವರು ಶುರು ಮಾಡುವ ಮುಂಚೆ ಡಾಕ್ಟರ್ ಹತ್ತಿರ ಅದನ್ನೇ ಮೊದಲು ಮಾತಾಡಿ. ಸೆಮಾಗ್ಲುಟೈಡ್‌ನ ಪೇಟೆಂಟ್ ನಮ್ಮ ದೇಶದಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ. ಬೇರೆ ಕಂಪನಿಗಳದ್ದು ಕಡಿಮೆ ಬೆಲೆಗೆ ಸಿಕ್ಕಿದರೆ, ವಾರಕ್ಕೊಮ್ಮೆಯ ಸೆಮಾಗ್ಲುಟೈಡ್ ಇಂಜೆಕ್ಷನ್ ಬಗ್ಗೆ ನಾನೂ ಕೇಳುತ್ತೇನೆ. ಮಾತ್ರೆಗೆ ಮಾತ್ರ ವಾಪಸ್ ಹೋಗಲ್ಲ.

ನನ್ನ ತಂಗಿಯೂ ಈಗ ಇದನ್ನೇ ಕೇಳುತ್ತಿದ್ದಾಳೆ. ಅವಳಿಗೆ 34. ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಾಳೆ. ಟಿರ್ಜೆಪಟೈಡ್ ಶುರು ಮಾಡಿದಾಗ, ಡೋಸ್ ಏರಿಸಿದಾಗಲೂ, ನಾಲ್ಕು ವಾರ ಆ ಮಾತ್ರೆಯನ್ನೇ ನಂಬಿಕೊಂಡು ಇರಬಾರದು. ಬಸಿರಿನಲ್ಲಿ ಈ ಔಷಧಿಗಳು ಬೇಡವೇ ಬೇಡ. ಅವಳಿಗೆ ಹೇಳಿದ್ದೇನೆ, ನನ್ನ ಫ್ರಿಜ್‌ನಲ್ಲಿರುವ ಸೀಸೆ ಕೇಳಬೇಡ, ನಿನ್ನ ಡಾಕ್ಟರ್ ಹತ್ತಿರ ಹೋಗು ಅಂತ.

ಹೋದ ಸಲ ತೋರಿಸಿಕೊಂಡಾಗ ಡೋಸ್ 5ರಿಂದ 7.5 ಮಿ.ಗ್ರಾಂಗೆ ಏರಿಸೋಣವಾ ಅಂತ ಡಾಕ್ಟರ್ ಕೇಳಿದರು. ಇನ್ನೂ ತಿಂಗಳಿಗೆ ಒಂದು ಕೆ.ಜಿ. ಇಳಿಯುತ್ತಿದ್ದೇನೆ, ಊಟ ಸೇರುತ್ತಿದೆ, ಬಸ್ ಮೆಟ್ಟಿಲು ಹತ್ತುತ್ತಿದ್ದೇನೆ. 5ರಲ್ಲೇ ಇರುತ್ತೇನೆ ಸರ್ ಅಂದೆ. ಸರಿ, ಮೂರು ತಿಂಗಳು ಬಿಟ್ಟು ಟಿಎಸ್‌ಎಚ್ ಮಾಡಿಸಿಕೊಂಡು ಬನ್ನಿ ಅಂದರು.