ರೋಡ್ ಸೈಕಲ್‌ಗೆ 32 ಕಡ್ಡಿ ವೀಲ್ ಹಾಕ್ಸಿ ನಾಲ್ಕು ವರ್ಷ ಆಯ್ತು, ಹೇಗಿದೆ ಅಂದ್ರೆ...

ಮೊದ್ಲೇ ಹೇಳ್ಬಿಡ್ತೀನಿ, ವೀಲ್ ಬದಲಾಯಿಸಿದ್ರೆ ಸ್ಪೀಡ್ ಬರುತ್ತೆ ಅನ್ನೋ ಆಸೆಗೆ ಇದನ್ನ ಓದ್ತಿದ್ರೆ ನಿರಾಸೆ ಆಗುತ್ತೆ. ನಾನೂ ಅದೇ ಆಸೇಲಿ ಶುರು ಮಾಡ್ದೋನೇ. ತೂಕ 84 ಕೆಜಿ (ನಂದು, ಸೈಕಲ್‌ದಲ್ಲ), ವಾರಕ್ಕೆರಡು ದಿನ ಹೆಬ್ಬಾಳದಿಂದ ಬಳ್ಳಾರಿ ರೋಡ್ ಹಿಡ್ದು ದೇವನಹಳ್ಳಿ ಕಡೆ, ತಿಂಗಳಿಗೊಂದ್ಸಲ ನಂದಿ ಬೆಟ್ಟ, ವರ್ಷಕ್ಕೆ ಒಂದೆರಡು ಬ್ರೆವೆ (ಟೈಮ್ ಲಿಮಿಟ್ ಒಳಗೆ ಮುಗಿಸ್ಬೇಕಾದ ದೂರದ ಸೈಕಲ್ ರೈಡು). ಸೈಕಲ್ಲು ಎಂಟ್ರಿ ಲೆವೆಲ್ ಅಲ್ಯೂಮಿನಿಯಂ ಫ್ರೇಮು, ಶಿಮಾನೋ ಸೋರಾ ಗೇರ್ ಸೆಟ್ಟು, ಹಿಂದೆ 9 ಸ್ಪೀಡು, ರಿಮ್ ಬ್ರೇಕು. ಕಂಪನಿ ಹೆಸ್ರು ಬೇಡ ಬಿಡಿ.

ಕಥೆ ಶುರುವಾಗಿದ್ದು ಒಂದು 300 ಕಿಲೋಮೀಟರ್ ಬ್ರೆವೇಲಿ. ಗೌರಿಬಿದನೂರಿಗೆ ಇನ್ನೂ ಸ್ವಲ್ಪ ದೂರ ಇದೆ ಅನ್ನೋವಾಗ ಬಣ್ಣ ಹೊಡೀದೇ ಇರೋ ಒಂದು ಹಂಪ್ ಎಗರಿಸ್ದೆ, ಹಿಂದ್ಗಡೆ ಟಪ್ ಅಂತು, ಆಮೇಲೆ ಪ್ರತಿ ಸುತ್ತಿಗೂ ರಿಮ್ಮು ಬ್ರೇಕ್ ಪ್ಯಾಡಿಗೆ ಉಜ್ಜೋಕೆ ಶುರು. ಒಂದು ಕಡ್ಡಿ ಹೋಗಿತ್ತು. ಬ್ರೇಕ್ ಸಡಿಲ ಮಾಡ್ಕೊಂಡು ನಿಧಾನಕ್ಕೆ ಊರೊಳಗೆ ಬಂದ್ರೆ ಹೊಂಗೆ ಮರದ ಕೆಳಗೆ ಒಂದು ಸೈಕಲ್ ಶಾಪು, ಸದ್ಯ ಬದುಕ್ದೆ ಅಂದ್ಕೊಂಡೆ. ಯಜಮಾನ್ರು ತಗಡಿನ ಡಬ್ಬಿ ತುಂಬ ಕಡ್ಡಿ ಇಟ್ಕೊಂಡಿದ್ರು, ನನ್ನ ಮುರಿದ ಕಡ್ಡೀನ ಕೈಯಲ್ಲಿ ಹಿಡ್ದು ತಿರುಗಿಸಿ ತಿರುಗಿಸಿ ನೋಡಿ, "ಕಡ್ಡಿ ಬೇಕಾದಷ್ಟಿದೆ ಕಣಪ್ಪ, ನಿಂದಕ್ಕೆ ತಲೇನೇ ಬಗ್ಗಿಲ್ವಲ್ಲ, ಎಲ್ಲಿಗೆ ಸಿಕ್ಕಿಸ್ಲಿ?" ಅಂದ್ರು. ಅದು ಚಪ್ಪಟೆ ಸ್ಟ್ರೇಟ್ ಪುಲ್ ಕಡ್ಡಿ, ವೀಲಿಗೆ ಇದ್ದಿದ್ದೇ ಇಪ್ಪತ್ತು. ಪಾಪ, ಅಕ್ಕಪಕ್ಕದ ಕಡ್ಡಿ ಸಡಿಲ ಮಾಡಿ ಚಕ್ರ ತಿರುಗೋ ಹಾಗೆ ಮಾಡ್ಕೊಟ್ರು, ದುಡ್ಡು ಕೊಟ್ರೆ ಬೇಡ ಅಂದ್ರು. ಮೂವತ್ತು ಕಿಲೋಮೀಟರಿಗೆ ಇನ್ನೊಂದು ಹೋಯ್ತು. ಮನೆಗೆ ಬಂದಿದ್ದು ಟೊಮ್ಯಾಟೊ ಕ್ರೇಟ್ ಮಧ್ಯೆ, ಟಾಟಾ ಏಸಲ್ಲಿ.

ಅಲ್ಲಿಂದ ಎರಡು ತಿಂಗಳು ಬರೀ ವೀಲ್ ಹುಡುಕಾಟ. ಮೊದ್ಲು ಕಣ್ಣು ಬಿದ್ದಿದ್ದು ಕ್ಯಾಂಪಾಗ್ನೋಲೋ ಜೋಂಡಾ ಮೇಲೆ, ಎರಡೂ ವೀಲ್ ಸೇರಿ 1540 ಗ್ರಾಂ ಅಂತಾರೆ, ನೋಡೋಕೂ ಚೆನ್ನಾಗಿದೆ. ನನ್ನ ಹಳೇ ವೀಲು ಅಡುಗೆಮನೆ ತಕ್ಕಡೀಲಿ 2050 ಗ್ರಾಂ ಬಂತು, ಅಂದ್ರೆ ಅರ್ಧ ಕೆಜಿ ಉಳಿತಾಯ. ಖುಷಿಯಾಗಿ ಲೆಕ್ಕ ಹಾಕ್ದೆ. ನಾನು, ಸೈಕಲ್ಲು, ಎರಡು ಬಾಟ್ಲಿ ನೀರು ಎಲ್ಲಾ ಸೇರಿ 96 ಕೆಜಿ. ಏರೋವಾಗ ಟೈಮು ಹೆಚ್ಚೂಕಮ್ಮಿ ತೂಕದ ಲೆಕ್ಕದಲ್ಲೇ ಹೋಗುತ್ತೆ, ನಂದಿ ಹತ್ತೋಕೆ ನಂಗೆ 40 ನಿಮಿಷ ಬೇಕು, ಅರ್ಧ ಕೆಜಿ ಇಳಿದ್ರೆ ಉಳಿಯೋದು ಹನ್ನೆರಡು ಸೆಕೆಂಡು. ಮೇಲೆ ಗೇಟ್ ಹತ್ರ ಚೌಚೌ ಬಾತ್‌ಗೆ ಕ್ಯೂ ನಿಲ್ಲೋದೇ ಅದಕ್ಕಿಂತ ಜಾಸ್ತಿ. "ತಿರುಗೋ ತೂಕ ಡಬಲ್ ಲೆಕ್ಕ ಗುರು" ಅಂತ ಎಲ್ರೂ ಹೇಳ್ತಾರೆ, ಅದು ನಿಂತಲ್ಲಿಂದ ವೇಗ ಹಿಡಿಯೋವಾಗ ಮಾತ್ರ ನಿಜ, ಅದೂ ರಿಮ್ಮಲ್ಲಿರೋ ತೂಕಕ್ಕೆ. ಒಂದೇ ವೇಗದಲ್ಲಿ ತುಳೀತಿದ್ರೆ ವೀಲಿನ ಗ್ರಾಮೂ ಹೊಟ್ಟೆಯ ಗ್ರಾಮೂ ಒಂದೇ.

ಫ್ರೆಂಡ್ ಹತ್ರ 50 ಮಿಮೀ ಎತ್ತರದ ರಿಮ್ಮಿನ ಕಾರ್ಬನ್ ವೀಲ್ ಇತ್ತು, ಒಂದಿನ ಓಡಿಸೋಕೆ ಇಸ್ಕೊಂಡೆ. ಫ್ಲಾಟಲ್ಲಿ ಮಜಾ ಕೊಡುತ್ತೆ, ಸುಳ್ಳು ಹೇಳಲ್ಲ, ಆ ವೂಂ ಅನ್ನೋ ಸೌಂಡಿಗೇ ಅರ್ಧ ದುಡ್ಡು ವಸೂಲಿ. ಆದ್ರೆ ಏರ್‌ಪೋರ್ಟ್ ದಾಟಿ ಬಯಲಲ್ಲಿ ಲಾರಿ ಪಕ್ಕದಲ್ಲೇ ಹಾದುಹೋದಾಗ ಹ್ಯಾಂಡಲ್ ಎಳ್ದಿದ್ದು ನೋಡಿ ಜೀವ ಬಾಯಿಗೆ ಬಂತು. ಜೊತೆಗೆ ನನ್ನಂಥ ತೂಕದೋನು ನಂದಿ ಇಳೀವಾಗ ಬ್ರೇಕ್ ಹಿಡ್ಕೊಂಡೇ ಬರೋದು, ಕಾರ್ಬನ್ ರಿಮ್ ಕಾಯೋ ಭಯ ಬೇರೆ.

ಕೊನೆಗೆ ತಲೇಲಿ ಉಳಿದಿದ್ದು ಆ ಯಜಮಾನ್ರ ಮಾತೇ. ತಲೆ ಬಗ್ಗಿರೋ ಮಾಮೂಲಿ ಕಡ್ಡಿ, ವೀಲಿಗೆ 32, ಕೈಯಲ್ಲಿ ಕಟ್ಟಿಸೋದು ಅಂತ ತೀರ್ಮಾನ. ಶಿಮಾನೋ 105 ಹಬ್ಬು (ಚಕ್ರದ ನಡುವಿನ ಗುಂಭ), ಡಿಟಿ ಸ್ವಿಸ್ ಕಾಂಪಿಟಿಷನ್ ಕಡ್ಡಿ (ತುದೀಲಿ 2 ಮಿಮೀ, ನಡುವೆ 1.8), ಒಳಗಡೆ 17 ಮಿಮೀ ಅಗಲದ ಅಲ್ಯೂಮಿನಿಯಂ ರಿಮ್ಮು. ಕಟ್ಟೋ ಕೂಲಿ ಸೇರಿ 24 ಸಾವಿರದ ಹತ್ರ ಬಿತ್ತು. ತೂಕ 1860 ಗ್ರಾಂ, ನಗ್ಬೇಡಿ.

ಕಟ್ಟಿದ ಹುಡ್ಗನ ಪಕ್ಕ ಒಂದು ಮಧ್ಯಾಹ್ನ ಪೂರ್ತಿ ಕೂತಿದ್ದೆ. ಟೆನ್ಷನ್ ಮೀಟರಲ್ಲಿ ಹಿಂದಿನ ವೀಲಿನ ಬಲಗಡೆ ಕಡ್ಡಿಗಳು 115 ಕೆಜಿ ಆಸುಪಾಸು, ಎಡಗಡೆ ಅದರ ಅರ್ಧ ಅಷ್ಟೇ. ಕ್ಯಾಸೆಟ್‌ಗೆ (ಹಿಂದಿನ ಗೇರ್ ಹಲ್ಲುಗಳ ಗೊಂಚಲು) ಜಾಗ ಬಿಡ್ಬೇಕಲ್ಲ, ಅದಕ್ಕೆ ಬಲಗಡೆ ಕಡ್ಡಿ ನೆಟ್ಟಗೆ ನಿಲ್ಲುತ್ತೆ, ಎಳೆತ ಅಲ್ಲೇ ಜಾಸ್ತಿ. ಎಡಗಡೆ ಮೊದ್ಲೇ ಸಡಿಲ ಇದ್ರೆ ಪ್ರತಿ ಸುತ್ತಿಗೂ ಇನ್ನಷ್ಟು ಸಡಿಲ ಆಗಿ ಬಿಗಿಯಾಗಿ, ತಂತಿನ ಹಿಂದೆ ಮುಂದೆ ಬಗ್ಗಿಸಿ ಮುರೀತೀವಲ್ಲ, ಹಾಗೇ ಬೇಸತ್ತು ಬುಡದಲ್ಲಿ ಕಟ್ ಆಗುತ್ತೆ ಅಂತ ಅವ್ನು ಹೇಳ್ದ. ಎರಡೆರಡು ಕಡ್ಡಿ ಜೋಡಿಸಿ ಮುಷ್ಟೀಲಿ ಹಿಂಡ್ತಿದ್ದ, ಮತ್ತೆ ಮೀಟರ್ ಹಿಡೀತಿದ್ದ, ಮತ್ತೆ ಹಿಂಡ್ತಿದ್ದ.

ಮೊದಲ ರೈಡು ನಾನೇ ಕೆಡಿಸ್ಕೊಂಡೆ. ಹಬ್ಬು 11 ಸ್ಪೀಡಿಂದು, ನನ್ನ ಕ್ಯಾಸೆಟ್ 9, ಹಿಂದೆ 1.85 ಮಿಮೀ ಸ್ಪೇಸರ್ ಹಾಕ್ಬೇಕು, ಮರ್ತೆ. ಕ್ಯಾಸೆಟ್ ಗಲಗಲ ಅಂತ ಅಲ್ಲಾಡ್ತಾ, ಗೇರ್ ತನ್ನಷ್ಟಕ್ಕೆ ತಾನೇ ಹಾರ್ತಾ, ಯಲಹಂಕದಿಂದಲೇ ವಾಪಸ್. ನೂರಿನ್ನೂರು ರೂಪಾಯಿ ರಿಂಗು, ಮರೀಬೇಡಿ. ಶುರೂಲಿ ಕಡ್ಡಿಗಳು ಟಿಂಗ್ ಟಿಂಗ್ ಅನ್ನುತ್ತೆ, ಕಟ್ಟೋವಾಗ ತಿರುಚಿಕೊಂಡಿರೋದು ಬಿಚ್ಕೊಳ್ಳೋ ಸೌಂಡು ಅದು, ಗಾಬರಿ ಬೇಡ. 300 ಕಿಲೋಮೀಟರ್ ಆದ್ಮೇಲೆ ಒಂದ್ಸಲ ಬೆಂಡ್ ತೆಗೆಸ್ದೆ, ಅದಾದ್ಮೇಲೆ ಸುಮಾರು 14 ಸಾವಿರ ಕಿಲೋಮೀಟರಲ್ಲಿ ಕಡ್ಡಿ ಹೋಗಿದ್ದು ಒಂದೇ ಒಂದು, ಅದೂ ನೀಲಗಿರಿ ಕೊಂಬೆ ಸಿಕ್ಕಿಹಾಕ್ಕೊಂಡು. ಎಡಗಡೇದು, ಹಾಗಾಗಿ ಕ್ಯಾಸೆಟ್ ಬಿಚ್ಚೋ ತಾಪತ್ರಯ ಇರ್ಲಿಲ್ಲ. ಚೈನ್‌ಸ್ಟೇಗೆ (ಪೆಡಲ್ ಹತ್ರದಿಂದ ಹಿಂದಿನ ಚಕ್ರಕ್ಕೆ ಹೋಗೋ ಫ್ರೇಮ್ ಪೈಪು) ಟೇಪ್ ಸುತ್ತಿ ಎರಡು ಸ್ಪೇರ್ ಕಡ್ಡಿ ಇಟ್ಟಿರ್ತೀನಿ, ಎಡಕ್ಕೊಂದು ಬಲಕ್ಕೊಂದು, ಅಳತೆ ಬೇರೆ ಬೇರೆ. ರೋಡ್ ಪಕ್ಕದಲ್ಲೇ ಇಪ್ಪತ್ತು ನಿಮಿಷದಲ್ಲಿ ಹಾಕ್ಕೊಂಡು ಹೊರಟೆ.

ನಿಜವಾಗ್ಲೂ "ಆಹಾ" ಅನ್ಸಿದ್ದು ವೀಲಿಂದ ಅಲ್ಲ, ಟೈರಿಂದ. 25 ಮಿಮೀ ಅಗಲದ, ಅಂಚಲ್ಲಿ ತಂತಿ ಇರೋ ಟೈರಿಗೆ 105 ಪಿಎಸ್ಐ ಗಾಳಿ ಹೊಡ್ಕೊಂಡು ಓಡಾಡ್ತಿದ್ದೋನು 28 ಮಿಮೀ ಕಾಂಟಿನೆಂಟಲ್ ಜಿಪಿ5000 ಟೈರ್ ಹಾಕಿ 72ಕ್ಕೆ ಇಳಿಸ್ದೆ. ಸರ್ವಿಸ್ ರೋಡಿನ ರಂಬಲ್ ಸ್ಟ್ರಿಪ್ ಮೇಲೆ ಹಲ್ಲು ಕಟಕಟ ಅಂತಿದ್ದಿದ್ದು ನಿಂತೋಯ್ತು, ವೇಗಾನೂ ಕಮ್ಮಿ ಆಗ್ಲಿಲ್ಲ, ಬದಲಿಗೆ ಸ್ವಲ್ಪ ಜಾಸ್ತೀನೇ ಆಯ್ತು. ಬ್ರೇಕ್ ಕ್ಯಾಲಿಪರ್ ಕೆಳಗೆ ಎರಡು ಮೂರು ಮಿಮೀ ಗ್ಯಾಪ್ ಇದ್ರೆ ಮಾತ್ರ ತಗೊಳ್ಳಿ, ಮತ್ತೆ ಗಾಳಿ ತುಂಬಿದ್ಮೇಲೆ ಪ್ಯಾಡ್ ಮಧ್ಯೆ ವೀಲ್ ನುಗ್ಗಲ್ಲ, ಬ್ರೇಕ್ ಸಡಿಲ ಮಾಡೇ ಹಾಕ್ಬೇಕು.

ತಲೆನೋವೂ ಇದೆ. ಮಳೆಗಾಲದಲ್ಲಿ ಪ್ಯಾಡಿಗೆ ಮರಳು ಸಿಕ್ಕಿ ರಿಮ್ಮನ್ನ ಕೆರೀತದೆ, ಕಪ್ಪು ಕೆಸರು ಇಳಿಯುತ್ತೆ, ವಾರಕ್ಕೊಂದ್ಸಲ ಪಿನ್ನು ತಗೊಂಡು ಪ್ಯಾಡಲ್ಲಿರೋ ಅಲ್ಯೂಮಿನಿಯಂ ಚೂರು ಕೀಳ್ಬೇಕು, ನಾನು ಮೊದಲ ವರ್ಷ ಕೀಳ್ಲಿಲ್ಲ, ಹಿಂದಿನ ರಿಮ್ಮಲ್ಲಿ ಇವತ್ತಿಗೂ ಗೀರು ಕಾಣುತ್ತೆ. ಹಬ್ಬು ಕೋನ್ ಬೇರಿಂಗಿಂದು, ವರ್ಷಕ್ಕೊಂದ್ಸಲ ದಸರಾ ಹೊತ್ತಿಗೆ ಬಿಚ್ಚಿ ಗ್ರೀಸ್ ಹಾಕ್ತೀನಿ. ಆಯುಧಪೂಜೆ ಸರ್ವಿಸ್ ಅನ್ಕೊಳ್ಳಿ. ಹಿಂದಿಂದಕ್ಕೆ ಕಾಲಿಂಚಿನ ಬಾಲ್ಸು, ಸೈಡಿಗೆ ಒಂಬತ್ತು, ಯಾವ ಸೈಕಲ್ ಅಂಗಡೀಲಾದ್ರೂ ಸಿಗುತ್ತೆ.

60 ಕೆಜಿ ಇದ್ದು ರೇಸ್ ಮಾಡೋರಿಗೆ ಇದು ಬೇಡ, ಅವ್ರು ಜೋಂಡಾ ಥರದ್ದೇ ನೋಡ್ಲಿ. ಬಜೆಟ್ ಹತ್ತು ಸಾವಿರದ ಒಳಗಿದ್ರೆ ವೀಲ್ ಮುಟ್ಬೇಡಿ, ಟೈರು ಟ್ಯೂಬು ಬದಲಾಯ್ಸಿ, ಇರೋ ವೀಲನ್ನ ಒಳ್ಳೆ ಕೈಯಲ್ಲಿ ಒಂದ್ಸಲ ಟೆನ್ಷನ್ ಮಾಡ್ಸಿ. ನನ್ನ ಹಿಂದಿನ ರಿಮ್ಮು ಸವೆದಿದೆ, ಸವೆತ ತೋರಿಸೋ ಗೆರೆ ಮಸುಕಾಗ್ತಿದೆ, ಈ ಮಳೆಗಾಲ ಮುಗಿದ್ಮೇಲೆ ಅದೇ ಅಳತೆ ಹೊಸ ರಿಮ್ ತಂದು ಹಳೇ ಹಬ್ಬಿಗೇ ಕಟ್ಟಿಸ್ತೀನಿ.